ಗಾಜಿನ ತೊಟ್ಟಿಯಲ್ಲಿ ಏಂಜೆಲ್ ಮೀನಿನ ಸಂಸಾರ

ಮನೆಯ ಗಾಜಿನ ತೊಟ್ಟಿಯಲ್ಲಿ ನಾಲ್ಕಾರು ಜಾತಿಯ ಮೀನುಗಳನ್ನು ಕೂಡಿಸಿ ಸಾಕುವವರಿಗೆ ಒಂದು ದಿನ ಈ ಸಮಸ್ಯೆ ತಾನಾಗಿಯೇ ಬಂದೊದಗುತ್ತದೆ. ನಿನ್ನೆಯವರೆಗೆ ಸಾಧುವಾಗಿದ್ದ ಏಂಜೆಲ್ ಮೀನುಗಳೆರಡು ತೊಟ್ಟಿಯ ಒಂದು ಮೂಲೆಯನ್ನು ತಮ್ಮದೆಂದು ಹಿಡಿದು, ಉಳಿದವನ್ನೆಲ್ಲ ಎದುರು ಮೂಲೆಗೆ ಅಟ್ಟಿಬಿಡುತ್ತವೆ. ಇದು ರೋಗವಲ್ಲ, ದುಷ್ಟತನವೂ ಅಲ್ಲ, ಸಂತಾನದ ಸಿದ್ಧತೆ. ಆಗ ಮನೆಯವರು ಮಾಡತಕ್ಕದ್ದೇನು ಎಂಬುದನ್ನು ನಾವು ಈಗ ವಿಚಾರಮಾಡೋಣ.

ಏಂಜೆಲ್ ಮೀನಿನ ತೌರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶ. ಅದು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದುದು. ಮೀನುಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಮರೆತುಬಿಡುವುವು. ಈ ಕುಟುಂಬದವು ಹಾಗಲ್ಲ, ಮಕ್ಕಳನ್ನು ಕಾಯುವುವು. ಇದರ ದೂರದ ನೆಂಟರು ನಮ್ಮ ನಾಡಿನಲ್ಲಿಯೂ ಉಂಟು. ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು 1877ರಲ್ಲಿ ವರ್ಣಿಸಿದ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಮೀನು ದಕ್ಷಿಣ ಕನ್ನಡದ ಹೊಳೆಗಳಲ್ಲಿ ವಾಸಿಸುತ್ತದೆ. ಕನ್ನಡನಾಡಿನ ಹೆಸರನ್ನೇ ಹೊತ್ತಿದೆ.

ಏಂಜೆಲ್ ಮೀನಿನಲ್ಲಿ ಗಂಡುಹೆಣ್ಣುಗಳನ್ನು ಹೊರನೋಟದಿಂದ ಗುರುತಿಸುವುದು ಕಷ್ಟ. ಆದುದರಿಂದ ಐದಾರು ಮರಿಗಳನ್ನು ಒಟ್ಟಿಗೆ ಬೆಳೆಸಿ, ಜೋಡಿಯನ್ನು ಅವಕ್ಕೇ ಆರಿಸಲು ಬಿಡುವುದು ಲೇಸು. ಜೋಡಿ ಕೂಡಿದ ಮೇಲೆ ಅವೆರಡೂ ನೆಟ್ಟಗಿರುವ ಅಗಲವಾದ ಎಲೆಯನ್ನೋ ಕಲ್ಲುಹಲಗೆಯನ್ನೋ ಬಾಯಿಂದ ಉಜ್ಜಿ ಶುಚಿಮಾಡುತ್ತವೆ. ಹೆಣ್ಣು ಸಾಲಾಗಿ ಮೊಟ್ಟೆಗಳನ್ನು ಅಂಟಿಸುತ್ತ ಸಾಗಿದರೆ, ಗಂಡು ಹಿಂದೆಯೇ ಬಂದು ಅವುಗಳನ್ನು ಫಲಿತಗೊಳಿಸುತ್ತದೆ. ಒಂದು ಸಲಕ್ಕೆ ನೂರಾರು ಮೊಟ್ಟೆಗಳು. ಬಳಿಕ ಎರಡೂ ರೆಕ್ಕೆಗಳಿಂದ ಬೀಸುತ್ತ ಹೊಸ ನೀರನ್ನು ಹಾಯಿಸುತ್ತವೆ. ಬೆಳ್ಳಗೆ ಕೆಟ್ಟವನ್ನು ಆರಿಸಿ ತೆಗೆಯುತ್ತವೆ. ನೀರು 27-28 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿದ್ದರೆ ಸುಮಾರು ಎರಡೂವರೆ ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಗಳು ಸ್ವತಂತ್ರವಾಗಿ ಈಜಲು ಮತ್ತೆ ನಾಲ್ಕೈದು ದಿನಗಳು ಬೇಕು.

ಕೂಡುತೊಟ್ಟಿಯಲ್ಲಿ ತೊಡಕು ಎರಡು ಕಡೆಯಿಂದ ಬರುತ್ತದೆ. ಹಗಲಿನಲ್ಲಿ ತಾಯಿತಂದೆಗಳು ನೆರೆಯವರನ್ನು ಹೊಡೆದೋಡಿಸುತ್ತವೆ. ಓಡಲು ಎಡೆಯಿಲ್ಲದ ತೊಟ್ಟಿಯಲ್ಲಿ ಪೆಟ್ಟುತಿಂದ ಮೀನು ಸಾಯುವುದೂ ಉಂಟು. ರಾತ್ರಿ ಅವುಗಳ ಕಣ್ಣು ಮಂದವಾದಾಗ ತಳದಲ್ಲಿ ಅಲೆಯುವ ಮೀಸೆಮೀನುಗಳು ಮೊಟ್ಟೆಗಳನ್ನು ತಿಂದು ಮುಗಿಸುತ್ತವೆ. ಮೊದಲ ಸಲದ ಜೋಡಿಯಾದರೆ ಗಾಬರಿಯಿಂದ ತಮ್ಮ ಮೊಟ್ಟೆಗಳನ್ನು ತಾವೇ ತಿನ್ನುವುದುಂಟು. ಇದಕ್ಕಾಗಿ ಅವನ್ನು ದೂರಬೇಕಾಗಿಲ್ಲ. ಎರಡು ಮೂರು ಸಲದಲ್ಲಿ ಹಲವು ಜೋಡಿಗಳು ಕಲಿತುಕೊಳ್ಳುತ್ತವೆ.

ಮನೆಯವರ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಜೋಡಿಯನ್ನು ಎಂಬತ್ತು ನೂರು ಲೀಟರಿನ ಬೇರೆ ತೊಟ್ಟಿಗೆ ಸಾಗಿಸುವುದು. ಅವುಗಳ ವಾತ್ಸಲ್ಯವನ್ನು ನೋಡಬಯಸುವವರಿಗೆ ಇದೇ ಉತ್ತಮ. ಎರಡನೆಯದು, ಮೊಟ್ಟೆಗಳಿರುವ ಕಲ್ಲುಹಲಗೆಯನ್ನು ಅದೇ ನೀರು ತುಂಬಿದ ಚಿಕ್ಕ ತೊಟ್ಟಿಯಲ್ಲಿಟ್ಟು, ಪಕ್ಕದಲ್ಲಿ ಗಾಳಿಗುಳ್ಳೆಗಳನ್ನು ಬಿಟ್ಟು, ಬೂಸು ಹಿಡಿಯದಂತೆ ಮಿಥಿಲೀನ್ ಬ್ಲೂ ಕೆಲವು ತೊಟ್ಟು ಹಾಕುವುದು. ಈಜತೊಡಗಿದ ಮರಿಗಳಿಗೆ ಉಪ್ಪುನೀರಿನಲ್ಲಿ ಆಗತಾನೆ ಒಡೆದ ಆರ್ಟೀಮಿಯಾ ಮರಿಗಳನ್ನು ದಿನಕ್ಕೆ ಹಲವು ಸಲ ಕೊಟ್ಟು, ನಿತ್ಯವೂ ಸ್ವಲ್ಪ ನೀರನ್ನು ಬದಲಿಸಬೇಕು. ಮೂರನೆಯದು, ಏನನ್ನೂ ಮಾಡದೆ ಪ್ರಕೃತಿಗೆ ಬಿಡುವುದು. ಆಗಲೂ ನೆರೆಯ ಮೀನುಗಳಿಗೆ ಅಡಗಲು ಗಿಡಬೇರುಗಳ ಮರೆಯನ್ನಾದರೂ ಕಲ್ಪಿಸತಕ್ಕದ್ದು.

ಇನ್ನು ನೀರಿನ ಮಾತು. ಅಮೆಜಾನಿನ ನೀರು ಬಹುಮಟ್ಟಿಗೆ ಮೃದು. ಮಳೆ ಕಡಮೆಯಾದ ಚಿತ್ರದುರ್ಗದ ಬಯಲಿನಲ್ಲಿ, ಹರಿಯಬ್ಬೆಯಂತಹ ಊರುಗಳಲ್ಲಿ, ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ತೊಟ್ಟಿಗಳಲ್ಲಿಯೇ ಹುಟ್ಟಿಬೆಳೆದ ಏಂಜೆಲ್ ಮೀನು ಅಂತಹ ನೀರಿಗೂ ಹೊಂದಿಕೊಂಡು ಬದುಕುತ್ತದೆ. ಆದರೆ ನೀರು ತೀರ ಗಡಸಾದರೆ ಮೊಟ್ಟೆಗಳು ಚೆನ್ನಾಗಿ ಫಲಿಸುವುದಿಲ್ಲ. ಮೊದಲ ಮಳೆಯಲ್ಲಿ ಮಾಳಿಗೆ ತೊಳೆದುಹೋದ ಮೇಲೆ ಹಿಡಿದ ಮಳೆನೀರನ್ನು ಬಾವಿಯ ನೀರಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸುವುದು ಸುಲಭವಾದ ಪರಿಹಾರ. ಒಮ್ಮೆಲೇ ಬದಲಿಸಿದರೆ ಮೀನಿಗೆ ಅಪಾಯ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ. ಬದುಕಿದ ಇನ್ನೂರು ಮರಿಗಳಿಗೆ ಮನೆ ಎಲ್ಲಿ? ಜೋಡಿ ಕೆಲವು ವಾರಗಳಲ್ಲಿಯೇ ಮತ್ತೆ ಮೊಟ್ಟೆಯಿಡುತ್ತದೆ. ಮರಿಗಳನ್ನು ಕೊಳ್ಳುವ ಅಂಗಡಿಯನ್ನೋ ಬೇಡುವ ಸ್ನೇಹಿತರನ್ನೋ ಮೊದಲೇ ಗೊತ್ತುಮಾಡಿಕೊಳ್ಳದವರು ಮೂರನೆಯ ದಾರಿಯನ್ನು ಹಿಡಿಯುವುದೇ ವಿವೇಕ. ಹೆಚ್ಚಾದವನ್ನು ಕೆರೆಗೆ ಬಿಟ್ಟರೆ ಪುಣ್ಯವೆಂಬ ಭಾವನೆ ಕೆಲವರಲ್ಲಿದೆ; ಅದು ಸರಿಯಲ್ಲ. ಮೀನುತೊಟ್ಟಿಗಳಿಗಾಗಿ ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು, ತಮಿಳುನಾಡು, ಆಂಧ್ರ, ಕೇರಳಗಳ ನೀರುಗಳಲ್ಲಿ ಬೇರೂರಿ, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಚಿತ್ರದುರ್ಗದ ಸೀಮೆಯ ವಾಣೀವಿಲಾಸ ಸಾಗರವನ್ನೇ ನೋಡಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಆ ಕಟ್ಟೆ 1933ರಲ್ಲಿ ಕೋಡಿಬಿದ್ದಿತು. 2022ರಲ್ಲಿ ಮತ್ತೆ ಕೋಡಿಬಿದ್ದಿತು. ಅಂತಹ ಜಲಾಶಯಕ್ಕೆ ಸೇರಿದ ಹೊರಗಿನ ಜೀವಿ ಅಲ್ಲಿಯೇ ನಿಲ್ಲುವುದೆಂದು ಯಾರೂ ಹೇಳಲಾರರು. ಕೋಡಿಯ ನೀರಿನೊಡನೆ ನದಿಗುಂಟ ಮುಂದೆ ಸಾಗಬಹುದು.

ಮರಿಗಳನ್ನು ಸಾಕುವ ಅನುಕೂಲವಿದ್ದರೆ ಸಂತೋಷವಾಗಿ ಸಾಕಬಹುದು. ಇಲ್ಲದಿದ್ದರೆ ಆ ಎಲೆಯ ಮೇಲಿನ ಮೊಟ್ಟೆಗಳನ್ನು ತೊಟ್ಟಿಯ ಇತರ ಮೀನುಗಳಿಗೆ ಆಹಾರವಾಗಲು ಬಿಡುವುದರಲ್ಲಿ ಪಾಪವೇನೂ ಇಲ್ಲ. ಯಾವುದನ್ನು ಮಾಡುವುದಾದರೂ ಮೊಟ್ಟೆ ಒಡೆಯುವುದಕ್ಕೆ ಮುಂಚೆಯೇ ನಿಶ್ಚಯಿಸತಕ್ಕದ್ದು.