‘ಟ್ಯಾಪ್ಸ್’ ನೋಡಿದ ಮೇಲೆ ಅಣ್ಣನ ಜೊತೆ ಜಗಳ

ಟಾಮ್ ಕ್ರೂಸ್ ಇದ್ದಾರೆ ಅಂತ ‘ಟ್ಯಾಪ್ಸ್’ ಹಾಕ್ಕೊಂಡು ಕೂತ್ರೆ ಮೊದಲು ಅವರ ಗುರುತೇ ಸಿಗಲ್ಲ. 1981ರ ಸಿನಿಮಾ. ಸಣ್ಣಗೆ ಕೂದಲು ಕತ್ತರಿಸಿಕೊಂಡ, ಕಣ್ಣಲ್ಲಿ ಏನೋ ಆವೇಶ ಇರೋ ಹುಡುಗ ಅವರು. ಶಾನ್ ಪೆನ್‌ಗೆ ಇದು ಮೊದಲ ಚಿತ್ರ. ಆದರೆ ಹೀರೊ ಇಬ್ಬರೂ ಅಲ್ಲ, ಟಿಮೊಥಿ ಹಟನ್.

ಕಥೆ ಅಮೆರಿಕದ ಬಂಕರ್ ಹಿಲ್ ಅನ್ನೋ ಕಾಲ್ಪನಿಕ ಮಿಲಿಟರಿ ಶಾಲೆಯದ್ದು. ಶಾಲೆ ಮುಚ್ಚಿ, ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಕೆ ಹೊರಡ್ತಾರೆ. (ಬೆಂಗಳೂರಿನವರಿಗೆ ಈ ಭಾಗ ಬಿಡಿಸಿ ಹೇಳಬೇಕಿಲ್ಲ!) ಅಷ್ಟರಲ್ಲಿ ಊರ ಹುಡುಗರ ಜೊತೆ ಗಲಾಟೆಯಾಗಿ, ಮುಖ್ಯಸ್ಥರಾದ ವೃದ್ಧ ಜನರಲ್ ಪಿಸ್ತೂಲು ಸಿಡಿದು ಒಬ್ಬ ಸಾಯ್ತಾನೆ. ಜನರಲ್ ಹೃದಯಾಘಾತವಾಗಿ ಆಸ್ಪತ್ರೆ ಸೇರ್ತಾರೆ. ಆಗ ವಿದ್ಯಾರ್ಥಿ ನಾಯಕ ಬ್ರಯನ್, ಶಾಲೆಯ ಬಂದೂಕುಗಳನ್ನೆಲ್ಲ ವಶಕ್ಕೆ ತಗೊಂಡು ಗೇಟು ಹಾಕಿಬಿಡ್ತಾನೆ. ಹೊರಗೆ ನ್ಯಾಷನಲ್ ಗಾರ್ಡ್ ಪಡೆ, ಟ್ಯಾಂಕು. ಒಳಗೆ ಮೀಸೆಯೂ ಮೂಡದ ಮಕ್ಕಳು.

ನನ್ನನ್ನು ಹೆದರಿಸಿದ್ದು ಏನು ಗೊತ್ತಾ? ಈ ಹುಡುಗರಲ್ಲಿ ಒಬ್ಬನೂ ಪೋಲಿ ಅಲ್ಲ. ಹೇಳಿಕೊಟ್ಟದ್ದನ್ನೆಲ್ಲ ಚೆನ್ನಾಗಿ ಕಲಿತವರು. ಗೌರವ, ನಿಷ್ಠೆ, ಸೋಲಬಾರದು ಅನ್ನೋ ಹಟ, ಎಲ್ಲಾ ಇದೆ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಮಾತ್ರ ಯಾರೂ ಕಲಿಸಿಲ್ಲ. ಬ್ರಯನ್‌ನ ಅಪ್ಪನೂ ಸೈನಿಕನೇ. ಮಗನನ್ನು ಒಪ್ಪಿಸೋಕೆ ಬಂದು ಸೋತು ವಾಪಸ್ ಹೋಗ್ತಾನೆ. ಅಪ್ಪನ ಮಾತಿಗಿಂತ ಆಸ್ಪತ್ರೆಯಲ್ಲಿರೋ ಜನರಲ್ ಮಾತೇ ಅವನಿಗೆ ದೊಡ್ಡದು. ಆಮೇಲೆ ಒಂದು ಪುಟ್ಟ ಹುಡುಗನಿಗೆ ಗುಂಡು ತಗಲುತ್ತೆ. ಅಲ್ಲಿ ನಾನು ಫೋನ್ ಕೆಳಗಿಟ್ಟು ಎದ್ದುಹೋಗಿ ನೀರು ಕುಡಿದು ಬಂದೆ.

ಕೊನೆಯಲ್ಲಿ ಕ್ರೂಸ್ ಮೆಷಿನ್ ಗನ್ ಹಿಡಿದು ಅಬ್ಬರಿಸೋದು ಮಾತ್ರ ಸ್ವಲ್ಪ ಜಾಸ್ತಿಯೇ ಆಯ್ತು. ನಿರ್ದೇಶಕ ಹೆರಾಲ್ಡ್ ಬೆಕರ್ ಅಷ್ಟು ಹೊತ್ತು ಕಾಪಾಡಿಕೊಂಡ ಬಿಗಿ ಅಲ್ಲಿ ಸಡಿಲವಾಗುತ್ತೆ. ಅಂದಹಾಗೆ, ‘ಟ್ಯಾಪ್ಸ್’ ಅಂದ್ರೆ ರಾತ್ರಿ ದೀಪ ಆರಿಸೋ ಹೊತ್ತಿಗೆ ಊದುವ ಕಹಳೆ. ಅಮೆರಿಕದಲ್ಲಿ ಸೈನಿಕರ ಅಂತ್ಯಕ್ರಿಯೆಗೂ ಅದೇ.

ಇದನ್ನೆಲ್ಲ ಇಷ್ಟು ತಲೆಗೆ ಹಚ್ಚಿಕೊಳ್ಳೋಕೆ ಕಾರಣ ನನ್ನ ಅಣ್ಣನ ಮಗ. ಐದನೇ ಕ್ಲಾಸು, ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಓದ್ತಿದ್ದಾನೆ. ವಿಜಯಪುರ ಆದ್ರೂ ಸರಿ, ಕೊಡಗಿನ ಕೂಡಿಗೆ ಆದ್ರೂ ಸರಿ. “ಅಂಥ ಸ್ಕೂಲಿನ ಒಳ್ಳೇ ಸಿನಿಮಾ ಇದ್ರೆ ಹೇಳಪ್ಪಾ, ಅವನಿಗೆ ಉತ್ಸಾಹ ಬರಲಿ” ಅಂದಿದ್ರು ಅತ್ತಿಗೆ. ಇದು ಈಗ ಬೇಡ, ಇನ್ನು ನಾಲ್ಕು ವರ್ಷ ಹೋಗಲಿ, ಆಗಲೂ ಪಕ್ಕದಲ್ಲಿ ನಮ್ಮಲ್ಲೊಬ್ಬರು ಕೂತಿರಲಿ ಅಂದೆ.

ಅಣ್ಣ ನಕ್ಕ. “ಅದು ಅಮೆರಿಕದ ಕಥೆ ಕಣೋ. ನಮ್ಮ ಸೈನಿಕ ಶಾಲೇಲಿ ಸಿಬಿಎಸ್‌ಇ ಪಾಠ, ಆಟ, ಎನ್‌ಸಿಸಿ. ಅಲ್ಲಿ ಯಾರು ಗೇಟು ಹಾಕ್ತಾರೆ?” ಅವನು ಹೇಳೋದು ನಿಜವೇ. ಆದರೆ ನನ್ನ ಪ್ರಶ್ನೆ ಬಂದೂಕಿನದ್ದಲ್ಲ. “ಸಾರ್ ಹೇಳಿದ್ರು” ಅಂದ ಕೂಡಲೇ ಹುಡುಗ ಯೋಚನೆ ನಿಲ್ಲಿಸಬಾರದು, ಅಷ್ಟೆ. ಅದು ಸೈನಿಕ ಶಾಲೆಗೂ ಅನ್ವಯ, ನಮ್ಮ ಆಫೀಸಿಗೂ.

ಅಣ್ಣ ಇನ್ನೂ ಒಪ್ಪಿಲ್ಲ. “ಮೊದಲು ನೀವು ಸಿನಿಮಾ ನೋಡಿ, ಆಮೇಲೆ ವಾದ ಮಾಡಿ” ಅಂತ ಅತ್ತಿಗೆ ಭಾನುವಾರಕ್ಕೆ ಅವನನ್ನ ಬುಕ್ ಮಾಡಿಟ್ಟಿದ್ದಾರೆ.