ನಂಬಿಕೆಯೊಳಗಿನ ಪ್ರಶ್ನೆ

ಕಾಲೇಜಿನಲ್ಲಿ ನನ್ನಂಥ ಕ್ರೈಸ್ತ ಹುಡುಗರಿಗೆ ಎರಡು ಕಡೆಯಿಂದಲೂ ಒಂದೇ ಮಾತು. "ಇಷ್ಟು ಅನುಮಾನ ಇದ್ದಮೇಲೆ ಚರ್ಚಿಗೆ ಯಾಕೆ ಹೋಗ್ತೀಯೋ?" ಅಂತಾರೆ ಹಾಸ್ಟೆಲಿನ ಗೆಳೆಯರು. "ಪ್ರಶ್ನೆ ಕೇಳೋದಾದರೆ ನಂಬಿಕೆ ಎಲ್ಲಿ ಉಳೀತು?" ಅಂತಾರೆ ಊರಿನ ಹಿರಿಯರು. ಪ್ರಶ್ನೆ ಬಂತೆಂದರೆ ನಂಬಿಕೆ ಹೋಯಿತು ಎಂಬುದೇ ಇಬ್ಬರ ಲೆಕ್ಕವೂ. ಈ ಲೆಕ್ಕಕ್ಕೆ ಸಿಕ್ಕದ ಒಂದು ಜೀವನ ಪುಣೆಯಲ್ಲಿರುವ ನಮಗೆ ಬಲು ಹತ್ತಿರದಲ್ಲೇ ಇದೆ. ಅದು ಪಂಡಿತಾ ರಮಾಬಾಯಿಯವರದು.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮರಾಠಿ ಬ್ರಾಹ್ಮಣ ಮನೆತನ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದರು. ತಾಯಿ ಮಗಳಿಗೆ ಕಲಿಸಿದರು. ಬರಗಾಲದಲ್ಲಿ ಹೆತ್ತವರಿಬ್ಬರೂ ತೀರಿಕೊಂಡರು. ಅಣ್ಣನೊಡನೆ ಊರೂರು ಅಲೆಯುತ್ತ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿ ಶಾಸ್ತ್ರಗ್ರಂಥಗಳನ್ನು ಓದುವಾಗ ಅವರಿಗೆ ಒಂದು ಸಂಗತಿ ಕಂಡಿತು. ಬೇರೆ ವಿಷಯಗಳಲ್ಲಿ ಒಂದಕ್ಕೊಂದು ಒಪ್ಪದ ಗ್ರಂಥಗಳು ಹೆಂಗಸರನ್ನೂ ಶೂದ್ರರನ್ನೂ ಕೀಳಾಗಿ ಕಾಣುವುದರಲ್ಲಿ ಮಾತ್ರ ಒಂದಾಗಿದ್ದವು. ಮನುಷ್ಯರನ್ನು ಹೇಗೆ ಕಾಣುತ್ತದೆ ಎಂಬುದರ ಮೇಲೆ ಧರ್ಮವನ್ನು ಅಳೆಯುವುದನ್ನು ಅವರು ಕಲಿತದ್ದು ಹೀಗೆ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ, ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ಅವರು ದೀಕ್ಷಾಸ್ನಾನ ಪಡೆದರು. ಕಥೆ ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಅವರು ತಮ್ಮ ಅಳತೆಗೋಲನ್ನು ಆ ನೀರಿಗೆ ಬಿಡಲಿಲ್ಲ. ತ್ರಯೇಕ ದೇವರೆಂದರೇನು, ಕನ್ನಿಕೆಯಲ್ಲಿ ಹುಟ್ಟಿದ್ದೆಂದು ಒಪ್ಪಲೇಬೇಕೇ ಎಂದು ಕೇಳಿದರು. ಲ್ಯಾಟಿನ್ ಬರೆದ ಶಿಲುಬೆ ಬೇಡ, ಸಂಸ್ಕೃತವೇಕಾಗಬಾರದು ಎಂದರು. ಅವರು ಗಂಡಸರಿಗೆ ಪಾಠ ಹೇಳುವುದನ್ನು ಬಿಷಪ್ಪರು ಆಕ್ಷೇಪಿಸಿದಾಗ ಅದನ್ನೂ ಒಪ್ಪಲಿಲ್ಲ. ಆಶ್ರಯ ಕೊಟ್ಟ ಸಿಸ್ಟರ್ ಜೆರಾಲ್ಡಿನ್‌ರಿಗೆ ಇದೆಲ್ಲ ಗರ್ವವಾಗಿ ಕಂಡಿತು. ರಮಾಬಾಯಿಯವರ ಉತ್ತರದ ಸಾರ ಇಷ್ಟೇ: ಒಂದು ಪುರೋಹಿತಶಾಹಿಯ ನೊಗ ಕಳಚಿಕೊಂಡು ಬಂದಿದ್ದೇನೆ, ಇನ್ನೊಂದಕ್ಕೆ ಕತ್ತು ಕೊಡಲಾರೆ.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಸಭೆಯ ಅಧಿಕಾರ ಬೇರೆ, ಕ್ರಿಸ್ತನ ಮಾತು ಬೇರೆ ಎಂದು ಅವರು ಬಿಡಿಸಿ ನೋಡಿದರು. ಮೊದಲನೆಯದನ್ನು ಪ್ರಶ್ನಿಸಿದರೆ ಎರಡನೆಯದು ತಾನಾಗಿ ಬಿದ್ದುಹೋಗಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ, 1891ರ ಸುಮಾರಿಗೆ, ತಮಗೆ ಅದುವರೆಗೆ ಕ್ರೈಸ್ತಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಅವರಿಗೆ ಅನ್ನಿಸಿತು. ಅಂದರೆ ಪ್ರಶ್ನೆ ಕೇಳುತ್ತಲೇ ಅವರ ವಿಶ್ವಾಸ ಬಲವಾಯಿತು. ವಿಧವೆಯರಿಗಾಗಿ 1889ರಲ್ಲಿ ತೆರೆದ ಶಾರದಾ ಸದನ, ಆಮೇಲೆ ಪುಣೆ–ದೌಂಡ್ ರೈಲುದಾರಿಯ ಕೇಡಗಾಂವದಲ್ಲಿ ಕಟ್ಟಿದ ಮುಕ್ತಿ, ಆ ವಿಶ್ವಾಸದ ಕೆಲಸಗಳು. ಸದನದ ಕೆಲವು ಹುಡುಗಿಯರು ಕ್ರೈಸ್ತಮತದ ಕಡೆ ಒಲಿದಾಗ, 1893ರಲ್ಲಿ, ಹಿಂದೂ ಪೋಷಕರು ಸಿಟ್ಟಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋದದ್ದೂ ಉಂಟು. ಕೊನೆಗಾಲದವರೆಗೂ ಹೀಬ್ರೂ, ಗ್ರೀಕ್ ಮೂಲ ಹಿಡಿದು ಸತ್ಯವೇದವನ್ನು ಮರಾಠಿಗೆ ತರುತ್ತಿದ್ದರು. 1922ರಲ್ಲಿ ತೀರಿಕೊಂಡರು.

ಅವರು ತಲುಪಿದಲ್ಲಿಗೇ ನಾನೂ ತಲುಪುತ್ತೇನೆಂದು ಹೇಳಲಾರೆ. ಪ್ರಶ್ನೆ ಕೇಳಿ ಹೊರಬಂದವರೂ ಇದ್ದಾರೆ. ಅವರದೂ ಪ್ರಾಮಾಣಿಕ ದಾರಿಯೇ. ನನ್ನ ಮಟ್ಟಿಗೆ ಈಗ ಎರಡು ಪಟ್ಟಿ ಮಾಡಿಕೊಂಡಿದ್ದೇನೆ. ಒಂದೇ ತಾಟಿನಲ್ಲಿ ನನ್ನೊಡನೆ ಉಣ್ಣುವ ರೂಮಿನ ಗೆಳೆಯ ಕ್ರೈಸ್ತನಲ್ಲವೆಂದು ನರಕಕ್ಕೆ ಹೋಗ್ತಾನೆ ಅನ್ನೋದನ್ನು ನಂಬಲು ನನ್ನಿಂದಾಗದು. ಅದು ಒಂದು ಪಟ್ಟಿಯಲ್ಲಿದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬುದು ಇನ್ನೊಂದರಲ್ಲಿದೆ. ಅದನ್ನು ಬಿಡಲೂ ನನ್ನಿಂದಾಗದು. ಎರಡನ್ನೂ ಹಿಡಿದುಕೊಂಡೇ ಭಾನುವಾರ ಚರ್ಚಿಗೆ ಹೋಗ್ತಿದ್ದೇನೆ.