ಕಾಮಣಿಗೆ ನೆಲನೆಲ್ಲಿ: ಗುಣ ಮಾಡಿದ್ದು ಯಾವುದು?

ಕುಪ್ಪೇಲೂರಿನ ಓದುಗರೊಬ್ಬರ ಪ್ರಶ್ನೆ: ‘ನಮ್ಮ ಕಡೆ ಕಾಮಣಿ ಆದ್ರ ನೆಲನೆಲ್ಲಿ ಅರದು ಕೊಡತಾರ, ಗುಣಾನೂ ಆಗತೈತಿ. ಇದಕ್ಕ ವಿಜ್ಞಾನ ಏನ್ ಅಂತೈತ್ರಿ?’

ರಾಣೆಬೆನ್ನೂರು ಸೀಮೆಯಲ್ಲಿ ನೆಲನೆಲ್ಲಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮುಂಗಾರು ಬಿದ್ದು ಗೋವಿನಜೋಳ ಮೊಣಕಾಲುದ್ದ ಬರುವಷ್ಟರಲ್ಲಿ ಬದುವಿನ ಮೇಲೆ ತಾನೇ ಎದ್ದಿರುತ್ತದೆ. ಟೊಂಗೆ ಹೊರಳಿಸಿದರೆ ಎಲೆಗಳಡಿ ಸಾಸಿವೆ ಗಾತ್ರದ ಕಾಯಿಗಳ ಸಾಲು. ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕಲಸಿ ಬರಿಹೊಟ್ಟೆಗೆ ಕುಡಿಸುತ್ತಾರೆ. ಎಣ್ಣೆ, ಖಾರ ಬಂದ್.

ಈ ಗಿಡ ಪ್ರಯೋಗಾಲಯದ ಮೆಟ್ಟಿಲು ಹತ್ತಿದ ಕಥೆ ನನಗೆ ಬಲು ಇಷ್ಟ. ಯಕೃತ್ತಿಗೆ ತಗಲುವ ಹೆಪಟೈಟಿಸ್-ಬಿ ವೈರಸ್ಸಿನ ಜಾಡು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅಂಥವರೇ ಮದರಾಸಿನ ಎಸ್.ಪಿ. ತ್ಯಾಗರಾಜನ್ ಜೊತೆಗೂಡಿ ಇದರ ಬೆನ್ನು ಬಿದ್ದರು. ವೈರಸ್ಸನ್ನು ಬಹುಕಾಲದಿಂದ ಮೈಯಲ್ಲಿ ಹೊತ್ತವರಿಗೆ 30 ದಿನ ಒಣಗಿಡದ ಪುಡಿ ಕೊಟ್ಟರು. 1988ರ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯ, ಹುಸಿ ಔಷಧ ತಿಂದ 23ರಲ್ಲಿ ಒಬ್ಬರಿಗೆ ಮಾತ್ರ. ಎಂಥ ಸುದ್ದಿ! ಆದರೆ ಥಾಯ್ಲೆಂಡ್ ಮುಂತಾದ ಕಡೆ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಇಂದಿಗೂ ಕೆಲವು ಜಾಹೀರಾತುಗಳು ಮೊದಲರ್ಧವನ್ನಷ್ಟೇ ಹೇಳುತ್ತವೆ.

ಹಾಗಾದರೆ ಊರಲ್ಲಿ ಗುಣವಾದದ್ದು ಸುಳ್ಳೇ? ಅಲ್ಲ. ಹಳ್ಳಿಯಲ್ಲಿ ಕಾಣುವ ಕಾಮಣಿ ಬಹುಪಾಲು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್-ಎ ಅಥವಾ ಇ. ಹೆಚ್ಚಿನವರಲ್ಲಿ ದೇಹವೇ ಕೆಲ ವಾರಗಳಲ್ಲಿ ವೈರಸ್ಸನ್ನು ಹೊರಗಟ್ಟುತ್ತದೆ, ಯಕೃತ್ತು ಚೇತರಿಸಿಕೊಂಡು ರಕ್ತದಲ್ಲಿನ ಹಳದಿ ವಸ್ತು ಬಿಲಿರುಬಿನ್ ಇಳಿಯುತ್ತದೆ, ಕಣ್ಣು ಬೆಳ್ಳಗಾಗುತ್ತದೆ. ಹೆಸರು ಮಾತ್ರ ನೆಲನೆಲ್ಲಿಗೆ. ಮಳೆ ಬೇಡಿ ಗುರ್ಜಿ ಆಡಿದ ವಾರವೇ ಮಳೆ ಬಂದರೆ ಹೆಸರು ಗುರ್ಜಿಗೆ ಹೋಗುವ ಹಾಗೆ. ಮೋಡ ಮಾತ್ರ ಅದಕ್ಕೂ ಮುಂಚೆಯೇ ಅರಬ್ಬೀ ಸಮುದ್ರ ಬಿಟ್ಟು ಹೊರಟಿರುತ್ತದೆ. ಇನ್ನೊಂದೂರಲ್ಲಿ ಔಡಲದ ಎಲೆಯ ರಸ ಕುಡಿಸುತ್ತಾರೆ, ಅಲ್ಲಿಯೂ ಗುಣವಾಗುತ್ತದೆ. ಐರ್ಲೆಂಡಿನ ಹಳ್ಳಿಗರು ಬಾರ್ಬೆರಿ ಗಿಡದ ಹಳದಿ ತೊಗಟೆ ಕುದಿಸಿ ಕುಡಿಯುತ್ತಿದ್ದರು. ಹಳದಿ ರೋಗಕ್ಕೆ ಹಳದಿ ಮದ್ದು. ಇಂಥ ಮನೆಮದ್ದುಗಳನ್ನೆಲ್ಲ 1937–39ರಲ್ಲಿ ಅಲ್ಲಿಯ ಶಾಲಾ ಮಕ್ಕಳು ಅಜ್ಜ-ಅಜ್ಜಿಯರನ್ನು ಕೇಳಿ ಬರೆದಿಟ್ಟರು. ನಮ್ಮ ಶಾಲೆಗಳೂ ಆ ಕೆಲಸ ಮಾಡಬೇಕು, ನೆಲನೆಲ್ಲಿಯ ಜ್ಞಾನ ಕಳೆದುಹೋಗಬಾರದು.

ನನ್ನ ತಕರಾರು ಕಾಮಣಿಗೆ ಬರೆ ಹಾಕುವವರ ಮೇಲೆ. ಕಾದ ಕಬ್ಬಿಣದಿಂದ ಸುಟ್ಟಗಾಯವಾಗುತ್ತದೆ, ಅದು ಕೀವಾಗಬಹುದು; ಯಕೃತ್ತಿಗೆ ಏನೂ ಲಾಭವಿಲ್ಲ. ಇನ್ನು ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ, ಅದಕ್ಕೆ ಯಾವ ಸೊಪ್ಪೂ ಸಾಲದು. ಯಾವ ಕಾಮಣಿ ಎಂಬುದನ್ನು ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಹೇಳುತ್ತವೆ. ರೋಗಿ ಮಂಕಾದರೆ, ಮಾತು ತಡವರಿಸಿದರೆ ಅಥವಾ ಬಸುರಿಗೆ ಕಾಮಣಿಯಾದರೆ ಒಂದು ದಿನವೂ ಕಾಯಬಾರದು. ಉಳಿದವರಲ್ಲಿ ಹೆಚ್ಚಾಗಿ ತಾನಾಗಿ ವಾಸಿಯಾಗುವ ಹೆಪಟೈಟಿಸ್-ಇ, ದಿನ ತುಂಬುತ್ತಿರುವ ಬಸುರಿಯರ ಜೀವವನ್ನೇ ತೆಗೆಯಬಲ್ಲದು.